ಬಿಸಿಲಿನ ಲೆಕ್ಕ ಯಾರದು ಖರೆ?

ಮಳಿ ಅಳಿಯಾಕ ಮಾಪಕ ಐತಿ. ಬಿಸಿಲು ಅಳಿಯೋರು ಯಾರು? ವಿಜಯಪುರದಂಥ ಬಿಸಿಲ ನಾಡಿನವರು ಇದನ್ನ ಕೇಳಲೇಬೇಕು.

ಮೊಬೈಲ್‌ನಾಗ ಸಿಗೋ ಬಿಸಿಲಿನ ಅಂಕಿ ಎರಡು ದಾರಿಯಿಂದ ಬರ್ತಾವ. ಒಂದು ಉಪಗ್ರಹ. ಮೋಡ ಮತ್ತು ನೆಲದಿಂದ ವಾಪಸ್ ಮ್ಯಾಲೆ ಹೋದ ಬೆಳಕು ನೋಡಿ, ಕೆಳಗ ಎಷ್ಟು ಬಂದಿರಬೇಕು ಅಂತ ಲೆಕ್ಕ ಹಾಕ್ತಾರ. ಇನ್ನೊಂದು ಕಂಪ್ಯೂಟರ್ ಮಾಡೆಲ್. ಯುರೋಪಿನ ‘ಎರಾ-5’ ಅಂಥಾದ್ದು. ಗಾಳಿ, ಉಷ್ಣತೆ, ತೇವಾಂಶದ ದಾಖಲೆ ಹಿಡಿದು ಮೋಡ ಎಲ್ಲಿರಬೇಕು ಅಂತ ಅದು ಲೆಕ್ಕದಾಗೇ ಕಟ್ಟತೈತಿ. ಉಪಗ್ರಹ ಮೋಡ ಕಾಣತೈತಿ, ಮಾಡೆಲ್ ಊಹಿಸತೈತಿ. ಅದಕ್ಕ ಮೋಡದ ದಿನ ನನ್ನ ವೋಟು ಉಪಗ್ರಹಕ್ಕ.

ಹಂಗಂತ ಅದನ್ನೂ ಕಣ್ಣುಮುಚ್ಚಿ ನಂಬಬ್ಯಾಡ್ರಿ. ಪುಕ್ಕಟೆ ಸಿಗೋ ‘ನಾಸಾ ಪವರ್’ ಬಿಸಿಲಿನ ಅಂಕಿಯೊಳಗ ಒಂದು ಚೌಕ ಅಂದ್ರ 1 ಡಿಗ್ರಿ, ಹೆಚ್ಚೂಕಡಿಮಿ 110 ಕಿ.ಮೀ. ವಿಜಯಪುರ, ತಿಕೋಟಾ, ಬಬಲೇಶ್ವರ ಅಷ್ಟೇ ಅಲ್ಲ, ಜಮಖಂಡಿ, ಬಾಗಲಕೋಟಿನೂ ಅದೇ ಚೌಕದಾಗ ಬರ್ತಾವ. ತಿಕೋಟಾದಾಗ ಮೋಡ, ಬಬಲೇಶ್ವರದಾಗ ಬಿಸಿಲು ಇದ್ರೂ ಅಂಕಿ ಒಂದೇ! ಎರಾ-5ರ ಚೌಕ ಸುಮಾರು 30 ಕಿ.ಮೀ. ಚೌಕ ಸಣ್ಣದು ಅಂದ ಮಾತ್ರಕ್ಕ ಮೋಡದ ಊಹೆ ಖರೆ ಆಗೂದಿಲ್ಲ.

ಎರಡನ್ನೂ ಹೋಲಿಸೋ ಮುಂಚೆ ಅಳತಿ ನೋಡ್ರಿ. ಒಬ್ಬರು ಮೆಗಾಜೂಲ್ ಅಂತಾರ, ಇನ್ನೊಬ್ಬರು ಯೂನಿಟ್ ಅಂತಾರ. 3.6 ಮೆಗಾಜೂಲ್ ಅಂದ್ರ 1 ಯೂನಿಟ್. ಚದರ ಮೀಟರಿಗೆ 18 ಅಂದ್ರೂ 5 ಅಂದ್ರೂ ಅದೇ ಬಿಸಿಲು.

ಮೋಡ ಇಲ್ಲದ ದಿನ ಎರಡೂ ಹತ್ತಿರ ಹತ್ತಿರ ಬರ್ತಾವ. ಸೋಲಾರ್ ಪಂಪ್ ಎಷ್ಟರದು ಬೇಕು ಅಂತ ನೋಡಾಕ ತಿಂಗಳ ಸರಾಸರಿ ನಡೀತೈತಿ. ದ್ರಾಕ್ಷಿಗೆ ನಡಿಯೂದಿಲ್ಲ. ಏಪ್ರಿಲ್ ಚಾಟ್ನಿ ಆದ ಮ್ಯಾಲೆ ಒಂದೂವರೆ–ಎರಡು ತಿಂಗಳಿಗೆ ಕಡ್ಡಿಯ ಕಣ್ಣಿನೊಳಗ ಗೊನಿ ರೂಪುಗೊಳ್ಳತೈತಿ. ಅಷ್ಟೊತ್ತಿಗೆ ಜೂನ್ ಮೋಡ ಬಂದಿರತಾವ. ಆಗ ಬಿಸಿಲು ಕಡಿಮಿ ಬಿದ್ರ ಗೊನಿನೂ ಕಡಿಮಿ. ಗೊತ್ತಾಗೂದು ಅಕ್ಟೋಬರ್ ಚಾಟ್ನಿ ಆದ ಮ್ಯಾಲೆ. ಅಂದ್ರ ನಮಗ ಲೆಕ್ಕ ಖರೆ ಬೇಕಾದ ದಿನಾನೇ ಇವೆರಡೂ ಜಗಳಾಡೋ ದಿನ.

ತೀರ್ಪು ಕೊಡಾಕ ನೆಲದ ಮ್ಯಾಲಿನ ಸಾಕ್ಷಿ ಬೇಕು. ಅದರ ಹೆಸರು ಪೈರಾನೋಮೀಟರ್. ಸೋಲಾರ್ ವಿದ್ಯುತ್ ಯೋಜನೆಗಳಿಗೆ ಬೇಕು ಅಂತ ಕೇಂದ್ರ ಸರ್ಕಾರ 2011ರಿಂದ ದೇಶದ ಹಲವು ಕಡೆ ಇಂಥ ಕೇಂದ್ರ ಹಾಕೈತಿ. ಪ್ಲೇಟಿಗೆ ಬೇಕಾದ ಲೆಕ್ಕ ಬಳ್ಳಿಗೆ ಬ್ಯಾಡೇನು? ತಿಕೋಟಾಕ್ಕ ಒಂದು, ಬಬಲೇಶ್ವರಕ್ಕ ಒಂದು ಹಾಕ್ರಿ. ಅದರ ಗಾಜಿನ ಮ್ಯಾಲಿನ ಧೂಳಿ ವರಸಾಕ ಒಬ್ಬರನ್ನ ನೇಮಿಸ್ರಿ. ಧೂಳಿ ಕುಂತ್ರ ಅದೂ ಸುಳ್ಳು ಹೇಳತೈತಿ.

ದ್ರಾಕ್ಷಿ ಬೆಳೆಗಾರರೆಲ್ಲಾ ಮುಂದಿನ ಸಭೆಯೊಳಗ ಈ ಬೇಡಿಕೆ ಇಡೂಣು. ಏನಂತೀರಿ?