ಯಮನೂರಿನ ಮತದಾರನೂ ದಿಲ್ಲಿಯ ಚೀಟಿಯೂ

ಬೆಣ್ಣೆಹಳ್ಳದ ದಂಡೆಯ ಮೇಲಿನ ಯಮನೂರನ್ನು ಅರಿಯದವರು ಧಾರವಾಡ ಜಿಲ್ಲೆಯಲ್ಲಿ ಯಾರಿರುವರು? ಒಂದೇ ಗದ್ದುಗೆಗೆ ಚಾಂಗದೇವನೆಂದು ಹಿಂದುಗಳೂ ರಾಜಾಬಾಗಸವಾರನೆಂದು ಮುಸಲ್ಮಾನರೂ ನಡೆದುಕೊಳ್ಳುವ ಕ್ಷೇತ್ರವದು. ಹೋಳಿಯ ಸುಮಾರಿಗೆ ಜಾತ್ರೆ ಕೂಡುವದು. ಬಂದವರು ಹಳ್ಳದಲ್ಲಿ ಮಿಂದು ದರ್ಶನಕ್ಕೆ ನಡೆಯುವರು. ಹಿರಿಯರು ಹಾಕಿದ ಹಾದಿಯನ್ನು ಸುಲಭವಾಗಿ ಬಿಡದ ಜನರಿವರು. ಇಂಥವರನ್ನೇ ರಾಜಕಾರಣದ ಪರಿಭಾಷೆಯಲ್ಲಿ ಸಂಪ್ರದಾಯನಿಷ್ಠ ಮತದಾರರೆಂದು ಕರೆಯುವರು. ನವಲಗುಂದ, ಕುಂದಗೋಳ, ಕಲಘಟಗಿ ಸೀಮೆಯಲ್ಲಿ ಇವರಲ್ಲಿ ಅನೇಕರು ಭಾರತೀಯ ಜನತಾ ಪಕ್ಷಕ್ಕೆ ಒಲಿದಿರುವರು. ಅವರು ಯಾವ ಪಕ್ಷಕ್ಕೆ ಒಲಿಯತಕ್ಕದ್ದೆಂಬುದು ನಮ್ಮ ಇಂದಿನ ವಿಚಾರವಲ್ಲ. ಒಲಿದ ಪಕ್ಷದೊಳಗೆ ಅವರ ಮಾತಿಗೆ ಬೆಲೆಯೆಷ್ಟು ಎಂಬುದೇ ವಿಚಾರ.

2023ರ ಮಾರ್ಚ 31ನೆಯ ದಿನ ಆ ಪಕ್ಷವು ನಮ್ಮ ರಾಜ್ಯದ ಜಿಲ್ಲೆಗಳಲ್ಲೆಲ್ಲ ಒಂದು ಹೊಸ ಪ್ರಯೋಗವನ್ನು ನಡೆಯಿಸಿತು. ಮೇ 10ರ ವಿಧಾನಸಭೆಯ ಚುನಾವಣೆಗೆ ತಮ್ಮ ತಮ್ಮ ಕ್ಷೇತ್ರದಿಂದ ಯಾರು ಉಮೇದುವಾರರಾಗತಕ್ಕವರು ಎಂಬುದನ್ನು, ನಾಲ್ಕಾರು ಮತಗಟ್ಟೆಗಳ ಹೊಣೆ ಹೊತ್ತ ಶಕ್ತಿಕೇಂದ್ರದ ಪ್ರಮುಖರು ಮೊದಲುಗೊಂಡು ಜಿಲ್ಲೆಯ ಪದಾಧಿಕಾರಿಗಳವರೆಗಿನ ಕಾರ್ಯಕರ್ತರು ಚೀಟಿಯ ಮೇಲೆ ಬರೆದು ಪೆಟ್ಟಿಗೆಯಲ್ಲಿ ಹಾಕಿದರು. ನಾವು ಈ ಸುದ್ದಿಯನ್ನು ಕೇಳಿ ಸಂತೋಷಪಟ್ಟೆವೆಂಬುದನ್ನು ಮುಚ್ಚಿಡುವದಿಲ್ಲ. ಗೋಡೆಗೆ ಚಿತ್ರಪಟ ಅಂಟಿಸುವದಕ್ಕೂ ಸಭೆಗೆ ಜನರನ್ನು ತುಂಬಿ ಕರೆತರುವದಕ್ಕೂ ಮಾತ್ರ ಬೇಕಾಗಿದ್ದ ಹಳ್ಳಿಯ ಕಾರ್ಯಕರ್ತನನ್ನು ಒಂದು ದಿನವಾದರೂ ತಕ್ಕಡಿ ಹಿಡಿಯಲು ಕರೆದರಲ್ಲಾ, ಇದು ಸಣ್ಣ ಮಾತೇ?

ಆದರೆ ಮುಂದೇನಾಯಿತು? ಪೆಟ್ಟಿಗೆಗಳು ಬೆಂಗಳೂರಿಗೆ ಹೋದವು. ಯಾವ ಕ್ಷೇತ್ರದಲ್ಲಿ ಯಾರಿಗೆ ಎಷ್ಟು ಚೀಟಿಗಳು ಬಿದ್ದವೆಂಬ ಲೆಕ್ಕವು ಚೀಟಿ ಹಾಕಿದವರ ಮುಂದೆ ಬರಲೇ ಇಲ್ಲ. ಏಪ್ರಿಲ್ 11ಕ್ಕೆ ದಿಲ್ಲಿಯಿಂದ 189 ಹೆಸರುಗಳ ಯಾದಿಯೂ ಮರುದಿನ 23 ಹೆಸರುಗಳ ಇನ್ನೊಂದು ಯಾದಿಯೂ ಹೊರಬಿದ್ದವು. ಮಾರ್ಚ 31ರ ಚೀಟಿಗೂ ಈ ಯಾದಿಗಳಿಗೂ ಏನು ಸಂಬಂಧ? ಕೇಳಿದವರಿಗೆ ದೊರೆತ ಉತ್ತರ, ಎಲ್ಲವನ್ನೂ ವರಿಷ್ಠರು ಪರಿಶೀಲಿಸಿರುವರು ಎಂಬಷ್ಟೇ. ವರಿಷ್ಠರು! ಈ ಒಂದು ಶಬ್ದವು ನಮ್ಮ ನಾಡಿನ ರಾಜಕಾರಣದಲ್ಲಿ ಎಷ್ಟು ಜನರ ಬಾಯನ್ನು ಮುಚ್ಚಿಸಿರುವದೋ ದೇವರೇ ಬಲ್ಲ.

ಕಲಘಟಗಿಯ ಸಂಗತಿಯನ್ನು ವಾಚಕರು ತುಸು ನಿಧಾನವಾಗಿ ನೋಡಬೇಕು. ಅಲ್ಲಿ 2018ರಲ್ಲಿ ಈ ಪಕ್ಷದಿಂದ ಆರಿಸಿ ಬಂದವರು ಶ್ರೀ ಸಿ. ಎಂ. ನಿಂಬಣ್ಣವರ ಅವರು. 2023ರ ಏಪ್ರಿಲ್ 6ರಂದು ಕಾಂಗ್ರೆಸ್ ಪಕ್ಷವು ತನ್ನ ಎರಡನೆಯ ಯಾದಿಯಲ್ಲಿ ಕಲಘಟಗಿಯನ್ನು ಶ್ರೀ ಸಂತೋಷ ಲಾಡರಿಗೆ ಕೊಟ್ಟಿತು. ಆ ಸ್ಥಾನವನ್ನು ಬಯಸಿದ್ದ ಕಾಂಗ್ರೆಸ್ಸಿನ ಶ್ರೀ ನಾಗರಾಜ ಛಬ್ಬಿಯವರು ಅದರ ಬೆನ್ನಿಗೇ ಪಕ್ಷವನ್ನು ಬಿಟ್ಟು ಭಾರತೀಯ ಜನತಾ ಪಕ್ಷವನ್ನು ಸೇರಿದರು. ಏಪ್ರಿಲ್ 12ರ ಯಾದಿಯಲ್ಲಿ ಕಲಘಟಗಿಯ ಉಮೇದುವಾರರು ಅವರೇ! ಛಬ್ಬಿಯವರ ಯೋಗ್ಯತೆಯ ಬಗ್ಗೆ ನಾವು ಒಂದಕ್ಷರವನ್ನೂ ಆಡುವದಿಲ್ಲ. ತಮ್ಮ ಪಕ್ಷದಲ್ಲಿ ಎಡೆ ಸಿಕ್ಕದವನು ಬೇರೆಡೆ ಹುಡುಕುವದು ಲೋಕದ ರೂಢಿ. ನಮ್ಮ ಪ್ರಶ್ನೆ ಬೇರೆ. ಮಾರ್ಚ 31ರಂದು ಕಲಘಟಗಿಯ ಕಾರ್ಯಕರ್ತರು ಚೀಟಿ ಬರೆಯುವಾಗ ಛಬ್ಬಿಯವರು ಆ ಪಕ್ಷದಲ್ಲಿಯೇ ಇರಲಿಲ್ಲ. ಇಲ್ಲದವರ ಹೆಸರನ್ನು ಅವರು ಬರೆದಿರುವದೆಂತು? ಅವರು ತೂಗಿ ನೋಡಿದ ಹೆಸರುಗಳೆಲ್ಲ ಎರಡು ವಾರಗಳೊಳಗೆ ತಕ್ಕಡಿಯಿಂದ ಕೆಳಗಿಳಿದವು. ತೂಗದೆ ಇದ್ದ ಹೆಸರು ಮೇಲಕ್ಕೇರಿತು. ಚುನಾವಣೆಯಲ್ಲಿ ಲಾಡರು ಗೆದ್ದರು.

ಕೂಡಲೇ ಪಕ್ಷದ ಅಭಿಮಾನಿಗಳು ನಮ್ಮೆದುರಿಗೆ ಹುಬ್ಬಳ್ಳಿಯನ್ನು ತಂದು ನಿಲ್ಲಿಸುವರೆಂದು ನಾವು ಬಲ್ಲೆವು. ಆರು ಸಲ ಶಾಸಕರೂ ಒಮ್ಮೆ ಮುಖ್ಯಮಂತ್ರಿಗಳೂ ಆಗಿದ್ದ ಶ್ರೀ ಜಗದೀಶ ಶೆಟ್ಟರರಿಗೆ ಹುಬ್ಬಳ್ಳಿ-ಧಾರವಾಡ ಮಧ್ಯ ಕ್ಷೇತ್ರದ ಟಿಕೇಟು ತಪ್ಪಿತು. ಅವರು ಕಾಂಗ್ರೆಸ್ಸಿಗೆ ಹೋಗಿ ನಿಂತರು; ಶ್ರೀ ಮಹೇಶ ಟೆಂಗಿನಕಾಯಿಯವರು ಅವರನ್ನು 34 ಸಾವಿರಕ್ಕೂ ಮಿಕ್ಕಿದ ಮತಗಳಿಂದ ಸೋಲಿಸಿದರು. ಕುಂದಗೋಳದಲ್ಲಿ 2018ರಲ್ಲಿ 634 ಮತಗಳಿಂದಲೂ 2019ರ ಉಪಚುನಾವಣೆಯಲ್ಲಿ 1,601 ಮತಗಳಿಂದಲೂ ಸೋತಿದ್ದ ಶ್ರೀ ಎಸ್. ಐ. ಚಿಕ್ಕನಗೌಡರರನ್ನು ಬಿಟ್ಟು ಶ್ರೀ ಎಂ. ಆರ್. ಪಾಟೀಲರನ್ನು ನಿಲ್ಲಿಸಲಾಗಿ, ಚಿಕ್ಕನಗೌಡರರು ಸ್ವತಂತ್ರರಾಗಿ ಸ್ಪರ್ಧಿಸಿದರೂ ಪಾಟೀಲರೇ ಗೆದ್ದರು. ದಿಲ್ಲಿಯ ಲೆಕ್ಕ ಸರಿಯಾಯಿತಲ್ಲವೇ ಎಂದು ಕೇಳುವರು. ಹಾಗಾದರೆ ಅಥಣಿಗೆ ಏನೆನ್ನುವರು? ಅಲ್ಲಿ ಟಿಕೇಟು ತಪ್ಪಿದ ಶ್ರೀ ಲಕ್ಷ್ಮಣ ಸವದಿಯವರು ಕಾಂಗ್ರೆಸ್ಸಿನಿಂದ ನಿಂತು 76 ಸಾವಿರದ ಅಂತರದಿಂದ ಗೆದ್ದರು. ಒಟ್ಟು ರಾಜ್ಯದಲ್ಲಿ 224ಕ್ಕೆ 66 ಸ್ಥಾನಗಳು ಈ ಪಕ್ಷಕ್ಕೆ ಬಂದವು. ಇನ್ನೂ ಒಂದು ಮಾತು. ಯಾವ ಶೆಟ್ಟರರನ್ನು 2023ರ ಮೇ ತಿಂಗಳಲ್ಲಿ ದ್ರೋಹಿಯೆಂದು ಮನೆಮನೆಗೆ ಹೋಗಿ ಹೇಳಿಸಿದರೋ ಅವರನ್ನೇ 2024ರ ಜನವರಿಯಲ್ಲಿ ದಿಲ್ಲಿಯವರು ಮರಳಿ ಬರಮಾಡಿಕೊಂಡರು. ಅದೇ ವರ್ಷ ಬೆಳಗಾವಿಯಿಂದ ಲೋಕಸಭೆಗೆ ನಿಲ್ಲಿಸಿ ಗೆಲ್ಲಿಸಿಕೊಂಡರು. ಹೊರಗೆ ಹಾಕುವಾಗಲೂ ಒಳಗೆ ಕರೆವಾಗಲೂ ಹುಬ್ಬಳ್ಳಿಯ ಕಾರ್ಯಕರ್ತನನ್ನು ಯಾರು ಕೇಳಿದರು? ಬೈದವನು ತಾನು, ಮತ್ತೆ ಹಾರ ಹಾಕಬೇಕಾದವನೂ ತಾನೇ! ಗೆದ್ದ ಕ್ಷೇತ್ರಗಳನ್ನೂ ಸೋತ ಕ್ಷೇತ್ರಗಳನ್ನೂ ಎಣಿಸಿ ಈ ವಾದವನ್ನು ತೀರಿಸಲು ಸಾಧ್ಯವಿಲ್ಲ. ಪ್ರಶ್ನೆ ಇರುವದು ಅಧಿಕಾರದ್ದು.

ಶಿಕ್ಷಕ ಮಹಾಶಯರಿಗೆ ನಾವು ಹೆಚ್ಚು ಹೇಳಬೇಕಾಗಿಲ್ಲ. ಚುನಾವಣೆಯ ದಿನ ಮತಗಟ್ಟೆಗಳಲ್ಲಿ ಕುಳಿತು ದುಡಿಯುವವರು ಬಹುಮಟ್ಟಿಗೆ ಅವರೇ. ಮತದಾನ ಮುಗಿದೊಡನೆ ಎಷ್ಟು ಮತಗಳು ಬಿದ್ದವೆಂಬುದನ್ನು 17ಸಿ ನಮೂನೆಯಲ್ಲಿ ತುಂಬಿ ರುಜು ಹಾಕಿ ಅದರ ಪ್ರತಿಯನ್ನು ಉಮೇದುವಾರರ ಏಜಂಟರ ಕೈಗೆ ಕೊಡದೆ ಅವರು ಮನೆಗೆ ಹೋಗುವಂತಿಲ್ಲ. ಎಣಿಕೆಯೂ ಏಜಂಟರ ಕಣ್ಣೆದುರಿಗೇ ನಡೆಯಬೇಕು. ಯಮನೂರಿನ ಶಾಲೆಯ ಮತಗಟ್ಟೆಗೆ ಅಗತ್ಯವಾದ ಈ ಶಿಸ್ತು ಒಂದು ದೊಡ್ಡ ಪಕ್ಷದ ಪೆಟ್ಟಿಗೆಗೆ ಏಕೆ ಬೇಡ? ಕಾಯದೆ ಕೇಳುವದಿಲ್ಲವೆಂಬುದೇ ಇದರ ಗುಟ್ಟು. 1951ರ ಪ್ರಜಾಪ್ರಾತಿನಿಧ್ಯ ಕಾಯದೆಯು ಪಕ್ಷಗಳನ್ನು ನೋಂದಾಯಿಸುವದೇ ಹೊರತು ಅವು ಉಮೇದುವಾರರನ್ನು ಹೇಗೆ ಆರಿಸಬೇಕೆಂದು ವಿಧಿಸುವದಿಲ್ಲ. ಪಕ್ಷದ ಪರವಾಗಿ ರುಜು ಹಾಕತಕ್ಕವರು ಯಾರೆಂದು ಎ ಫಾರ್ಮು ಹೇಳುವದು. ಆ ರುಜು ಯಾರ ಹೆಸರಿನ ಮೇಲೆ ಬಿದ್ದಿದೆಯೆಂದು ಬಿ ಫಾರ್ಮು ಹೇಳುವದು. ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಈ ಕಾಗದವು ಚುನಾವಣಾಧಿಕಾರಿಯ ಮೇಜಿಗೆ ತಲುಪಿದರೆ ಸಾಕು, ಪಕ್ಷದ ಚಿಹ್ನೆ ಅವನದು. ಸಾವಿರ ಕಾರ್ಯಕರ್ತರ ಚೀಟಿಗಳು ಒಂದು ಕಡೆ, ಒಂದು ರುಜು ಇನ್ನೊಂದು ಕಡೆ.

ಇತರ ಪಕ್ಷಗಳು ಇದಕ್ಕಿಂತ ಮೇಲೆಂದು ಯಾರೂ ಭ್ರಮಿಸಬಾರದು. 2014ರ ಲೋಕಸಭಾ ಚುನಾವಣೆಗೆ ಮುಂಚೆ ಕಾಂಗ್ರೆಸ್ಸಿನವರು ದೇಶದ ಕೆಲವೇ ಕ್ಷೇತ್ರಗಳಲ್ಲಿ ಒಳಚುನಾವಣೆಯನ್ನು ಮಾಡಿ ನೋಡಿದರು. ಅವುಗಳಲ್ಲಿ ನಮ್ಮ ಬೆಂಗಳೂರು ಉತ್ತರವೂ ದಕ್ಷಿಣ ಕನ್ನಡವೂ ಇದ್ದವು. ಅಲ್ಲಿ ಶ್ರೀ ಸಿ. ನಾರಾಯಣಸ್ವಾಮಿಯವರೂ ಇಲ್ಲಿ ಶ್ರೀ ಜನಾರ್ದನ ಪೂಜಾರಿಯವರೂ ಆರಿಸಲ್ಪಟ್ಟರು. ಇಬ್ಬರೂ ಮುಂದೆ ಸೋತರು. ಪ್ರಯೋಗವನ್ನು ಅಲ್ಲಿಗೇ ಹೂಳಿದರು. ಒಂದು ಬೆಳೆ ಕೆಟ್ಟಿತೆಂದು ಹೊಲವನ್ನೇ ಮಾರಿಕೊಳ್ಳುವ ರೈತನನ್ನು ನಾವು ನವಲಗುಂದದಲ್ಲಿ ಕಂಡಿಲ್ಲ.

ಪಕ್ಷದ ಸಾಮಾನ್ಯ ಸದಸ್ಯರೂ ತಪ್ಪುವರಲ್ಲವೇ? ತಪ್ಪುವರು. ಇಂಗ್ಲಂಡದ ಸಂಪ್ರದಾಯವಾದಿ ಪಕ್ಷದ ಸದಸ್ಯರು 2022ರ ಸಪ್ಟೆಂಬರದಲ್ಲಿ ಋಷಿ ಸುನಕರಿಗೆ 60,399 ಮತಗಳನ್ನೂ ಲಿಜ್ ಟ್ರಸ್ ಅವರಿಗೆ 81,326 ಮತಗಳನ್ನೂ ಕೊಟ್ಟು ಟ್ರಸ್ಸರನ್ನು ನಾಯಕಿಯಾಗಿ ಆರಿಸಿದರು. ಆಕೆಯ ಆಡಳಿತವು ಎರಡು ತಿಂಗಳೂ ಬಾಳಲಿಲ್ಲ; ಅಕ್ಟೋಬರದಲ್ಲಿ ಸುನಕರೇ ಪ್ರಧಾನಿಗಳಾದರು. ಇದಕ್ಕಿಂತ ದೊಡ್ಡ ಎಡವಟ್ಟು ಬೇಕೇ? ಆದರೆ ಆ ಎರಡು ಅಂಕಿಗಳನ್ನು ನಾವು ಧಾರವಾಡದಲ್ಲಿ ಕುಳಿತು ಬರೆಯಬಲ್ಲೆವು. ಕಲಘಟಗಿಯ ಅಂಕಿಗಳನ್ನು ಬರೆಯಲಾರೆವು! ತಪ್ಪು ತಮ್ಮದೆಂದು ಅಲ್ಲಿಯ ಸದಸ್ಯರು ತಿಳಿದರು, ತಿಳಿದವರು ತಿದ್ದಿಕೊಳ್ಳಬಲ್ಲರು. ನಮ್ಮವರಿಗೆ ತಪ್ಪು ಮಾಡುವ ಹಕ್ಕೂ ಇಲ್ಲ.

ಕನ್ನಡನಾಡಿನ ಒಗ್ಗೂಡುವಿಕೆಗಾಗಿ ಲೇಖನಿ ಹಿಡಿದವರು ಒಂದು ಪಕ್ಷದ ಟಿಕೇಟಿನ ಜಗಳದಲ್ಲಿ ತಲೆ ಹಾಕುವದೇಕೆಂದು ಕೆಲವರು ಕೇಳಬಹುದು. ಈ ಜಗಳವು ನಮ್ಮದೇ. 1920ರ ನಾಗಪುರದ ಅಧಿವೇಶನದಲ್ಲಿ ಕಾಂಗ್ರೆಸ್ಸು ತನ್ನ ಪ್ರಾಂತಗಳನ್ನು ಭಾಷೆಯ ಮೇಲೆ ಕಟ್ಟಿಕೊಂಡು ಕರ್ನಾಟಕಕ್ಕೊಂದು ಸಮಿತಿಯನ್ನು ಕೊಟ್ಟಿತು. ನಾಲ್ಕಾಣೆ ವರ್ಗಣಿಯ ಸದಸ್ಯನಿಂದ ತಾಲೂಕಿಗೆ, ತಾಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಪ್ರಾಂತಕ್ಕೆ ಆಯ್ಕೆ ಏರುತ್ತ ಹೋಗಬೇಕೆಂಬುದು ಅದರ ವ್ಯವಸ್ಥೆ. ಕನ್ನಡದ ರೈತನು ತನ್ನ ಮಾತಿನಲ್ಲಿಯೇ ವಾದಿಸಿ ತನ್ನ ಪ್ರತಿನಿಧಿಯನ್ನು ತಾನೇ ಕಳಿಸಲಿ ಎಂಬ ಆಸೆ ಅದರ ಹಿಂದಿದ್ದಿತು. ಅದೇ ಕಾಂಗ್ರೆಸ್ಸು ಸ್ವಾತಂತ್ರ್ಯ ಬಂದ ಮೇಲೆ ಏಕೀಕರಣವನ್ನು ಮುಂದೂಡುತ್ತ ಹೋದಾಗ ಏನಾಯಿತು? 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸಕ್ಕೆ ಕುಳಿತರು; ಹುಬ್ಬಳ್ಳಿಯ ಜನ ರೊಚ್ಚಿಗೆದ್ದರು; ಅನಂತರದ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಉಮೇದುವಾರರನ್ನು ಬಿಟ್ಟು ಏಕೀಕರಣ ಪಕ್ಷದವರನ್ನೇ ಗೆಲ್ಲಿಸಿದರು. ಆ ಮತ ಹಾಕಿದವರಲ್ಲಿ ಬಹುಜನರು ಅದುವರೆಗೆ ಕಾಂಗ್ರೆಸ್ಸಿನ ನಿಷ್ಠರೇ. 1956ರ ನವೆಂಬರ 1ರಂದು ನಾಡು ಒಂದಾಯಿತು. ಮುಂಬಯಿಯವರು ನಮ್ಮ ಭಾಗ್ಯವನ್ನು ನಿರ್ಣಯಿಸಕೂಡದೆಂದು ಹೋರಾಡಿದ ಜಿಲ್ಲೆಯಲ್ಲಿ ಉಮೇದುವಾರನನ್ನು ದಿಲ್ಲಿಯವರು ನಿರ್ಣಯಿಸುವರೆಂದರೆ, ಗಡಿ ಬದಲಾಯಿತು, ದಾರಿ ಮಾತ್ರ ಉದ್ದವಾಯಿತು!

ಈಗ ಯಮನೂರಿಗೆ ಮರಳೋಣ. ಮಹಾದಾಯಿಯಿಂದ 7.56 ಟಿಎಂಸಿ ನೀರನ್ನು ಮಲಪ್ರಭೆಗೆ ತಿರುಗಿಸಲು ನಾವು ಕೇಳಿದ್ದ ಮಧ್ಯಂತರ ಬೇಡಿಕೆಯನ್ನು ನ್ಯಾಯಾಧಿಕರಣವು 2016ರ ಜುಲೈ 27ರಂದು ತಳ್ಳಿಹಾಕಿತು. ನವಲಗುಂದ ಹೊತ್ತಿ ಉರಿಯಿತು. ಆ ದಿನಗಳಲ್ಲಿ ಪೋಲೀಸರು ಯಮನೂರಿನ ಮನೆಗಳಿಗೆ ನುಗ್ಗಿ ಹೆಂಗಸರೆನ್ನದೆ ಮುದುಕರೆನ್ನದೆ ಲಾಠಿ ಬೀಸಿದ ಚಿತ್ರಗಳನ್ನು ನಾಡೆಲ್ಲ ನೋಡಿತು. ಆಗ ರಾಜ್ಯದಲ್ಲಿ ಕಾಂಗ್ರೆಸ್ಸಿನ ಸರಕಾರ. 2017ರ ಡಿಸೆಂಬರದಲ್ಲಿ ಗೋವೆಯ ಮುಖ್ಯಮಂತ್ರಿ ಮನೋಹರ ಪರೀಕರರು ಬರೆದ ಪತ್ರವನ್ನು ಶ್ರೀ ಯಡಿಯೂರಪ್ಪನವರು ಹುಬ್ಬಳ್ಳಿಯ ಸಭೆಯಲ್ಲಿ ಜನರ ಮುಂದಿಟ್ಟರು. 2018ರಲ್ಲಿ ನವಲಗುಂದವು ಅವರ ಪಕ್ಷದ ಶ್ರೀ ಶಂಕರ ಪಾಟೀಲ ಮುನೇನಕೊಪ್ಪರನ್ನು ಆರಿಸಿತು. ಅದೇ ವರ್ಷದ ಆಗಸ್ಟಿನ ತೀರ್ಪಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ, ಅದರಲ್ಲಿ ಕಳಸಾ-ಬಂಡೂರಿಗೆ 3.9 ಟಿಎಂಸಿ ದೊರೆಯಿತು. 2022ರ ಡಿಸೆಂಬರದಲ್ಲಿ ಯೋಜನೆಯ ವರದಿಗೆ ಕೇಂದ್ರದ ಒಪ್ಪಿಗೆ ಬಂದಿತೆಂದು ಪೇಢೆ ಹಂಚಿದರು. 2023ರ ಮತದಾನದ ಹೊತ್ತಿಗೆ ಮಲಪ್ರಭೆಗೆ ಆ ನೀರಿನ ಒಂದು ಹನಿಯೂ ಸೇರಿರಲಿಲ್ಲ. ನವಲಗುಂದದಿಂದ ಆ ಸಲ ಕಾಂಗ್ರೆಸ್ಸಿನ ಶ್ರೀ ಎನ್. ಎಚ್. ಕೋನರಡ್ಡಿಯವರು ಗೆದ್ದರು. 2008ರಿಂದ ನಾಲ್ಕು ಚುನಾವಣೆಗಳಲ್ಲಿ ಈ ಇಬ್ಬರೇ ಒಬ್ಬರಾದ ಮೇಲೊಬ್ಬರು ಬಂದಿರುವರು.

ನವಲಗುಂದದ ಸಂಪ್ರದಾಯನಿಷ್ಠ ಕಾರ್ಯಕರ್ತನು ತನ್ನ ಪಕ್ಷದ ಉಮೇದುವಾರರನ್ನು ನಿಜವಾಗಿ ತೂಗುವಂತಿದ್ದರೆ ಯಾವ ಪ್ರಶ್ನೆಯನ್ನು ಕೇಳುತ್ತಿದ್ದನು? ಜಾತಿಯ ಲೆಕ್ಕವನ್ನೂ ಕೇಳುತ್ತಿದ್ದನು, ಸುಳ್ಳೇಕೆ? ಆದರೆ ಮೊದಲು ಕೇಳುತ್ತಿದ್ದುದು ಇದೇ: ಗೋವೆಯಲ್ಲಿ ನಿನ್ನ ಪಕ್ಷ, ದಿಲ್ಲಿಯಲ್ಲಿ ನಿನ್ನ ಪಕ್ಷ, ನೀರಿನ ಮಾತು ಬಂದಾಗ ನೀನು ಅವರ ಮುಂದೆ ಬಾಯಿ ತೆರೆಯುವಿಯೋ ಇಲ್ಲವೋ? ಬಿ ಫಾರ್ಮು ಯಮನೂರಿನಿಂದ ಬಂದವನು ದಿಲ್ಲಿಗೆ ಹೋಗಿ ಈ ಮಾತನ್ನು ಆಡಿಯಾನು. ದಿಲ್ಲಿಯಿಂದಲೇ ಬಿ ಫಾರ್ಮು ತಂದವನು ಯಾವ ಮುಖದಿಂದ ಆಡಬಲ್ಲನು? ಉಮೇದುವಾರರ ಮೌನಕ್ಕೆ ಅವರ ಸ್ವಭಾವವು ಕಾರಣವೆಂದು ನಾವು ನಂಬುವದಿಲ್ಲ. ಆ ಮೌನವನ್ನು ಬಿ ಫಾರ್ಮಿನೊಡನೆ ಒಟ್ಟಿಗೇ ಕೊಟ್ಟು ಕಳಿಸುವರು.

ಮುಂದಿನ ಸಲ ಮತ್ತೆ ಪೆಟ್ಟಿಗೆ ಬರಬಹುದು. ಶಕ್ತಿಕೇಂದ್ರದ ಪ್ರಮುಖರಿಗೂ ತಾಲೂಕಿನ ಪದಾಧಿಕಾರಿಗಳಿಗೂ ನಮ್ಮ ಬಿನ್ನಹವಿಷ್ಟೇ. ಪೆಟ್ಟಿಗೆ ತಂದವರಿಂದ ಮೊದಲೇ ಮೂರು ಮಾತುಗಳನ್ನು ಕಾಗದದ ಮೇಲೆ ಬರೆಯಿಸಿಕೊಳ್ಳಿರಿ. ಎಣಿಕೆಯು ಅದೇ ದಿನ ತಾಲೂಕಿನಲ್ಲಿಯೇ ನಿಮ್ಮೆದುರಿಗೆ ಆಗಬೇಕು. ಲೆಕ್ಕದ ಪ್ರತಿ ನಿಮ್ಮ ಕೈಯಲ್ಲಿರಬೇಕು. ಅಂದು ಪಕ್ಷದಲ್ಲಿ ಇಲ್ಲದವನಿಗೆ ಆ ಚುನಾವಣೆಯಲ್ಲಿ ಟಿಕೇಟು ಸಲ್ಲಕೂಡದು. ಬರೆದು ಕೊಟ್ಟರೆ ಸಂತೋಷದಿಂದ ಚೀಟಿ ಹಾಕಿರಿ. ಕೊಡದಿದ್ದರೆ ಚೀಟಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಊರಿಗೆ ಮರಳಿರಿ. ಎಷ್ಟು ಜನರು ಹಾಗೆ ಮರಳಿದಿರೆಂಬ ಲೆಕ್ಕವನ್ನು ನಮಗೆ ಬರೆದು ಕಳಿಸಿದರೆ ಅದನ್ನು ಹಳ್ಳಿಹಳ್ಳಿಯ ಹೆಸರಿನೊಡನೆ ಈ ಪತ್ರಿಕೆಯಲ್ಲಿ ಅಚ್ಚುಹಾಕುವೆವು.