ನೀತಿಯ ಹಸಿವೂ ನಮ್ಮ ಸೀಮೆಯ ಬಾಯಾರಿಕೆಯೂ

ನಮ್ಮ ಬಾಲಿಕೆಯರು ಪರ್ವತಪ್ರಸಂಗದ ಧನ್ಯವಾಕ್ಯಗಳನ್ನು ತಪ್ಪಿಲ್ಲದೆ ಒಪ್ಪಿಸುವುದನ್ನು ಕೇಳಿ ನಾವು ಎಷ್ಟೋ ಸಾರಿ ಸಂತೋಷಪಟ್ಟಿದ್ದೇವೆ. ಆದರೆ ಬಾಯಿಗೆ ಬಂದ ಆ ವಾಕ್ಯಗಳು ಬಾಳಿಗೂ ಬಂದಿವೆಯೇ ಎಂಬುದನ್ನು ಈ ಸಂಚಿಕೆಯ ವಾಚಕರೊಡನೆ ವಿಚಾರಮಾಡುವುದು ಉಚಿತವೆಂದು ತೋರುತ್ತದೆ.

ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಕರ್ತನು ಆತ್ಮದಲ್ಲಿ ಬಡವರಾದವರನ್ನೂ ನೀತಿಗಾಗಿ ಹಸಿದವರನ್ನೂ ಧನ್ಯರೆಂದು ಕರೆದನು. ಲೂಕನ ಆರನೆಯ ಅಧ್ಯಾಯದಲ್ಲಾದರೋ ಬಡವರು, ಹಸಿದವರು ಎಂದಷ್ಟೇ ಇದೆ. ತೃಪ್ತರಾಗಿರುವ ಐಶ್ವರ್ಯವಂತರಿಗೆ ಎಚ್ಚರಿಕೆಯೂ ಇದೆ. ಕೆಲವರು ಮೊದಲನೆಯದನ್ನು ಮಾತ್ರ ಹಿಡಿದು, ಇದು ಆತ್ಮದ ವಿಷಯವೇ ಹೊರತು ಹೊಟ್ಟೆಯ ವಿಷಯವಲ್ಲವೆಂದು ಸಮಾಧಾನ ಹೊಂದುತ್ತಾರೆ. ಈ ಅಭಿಪ್ರಾಯವನ್ನು ನಾವು ಒಪ್ಪಲಾರೆವು. ನಾವು ನೀತಿ ಎಂದು ಓದುವ ಗ್ರೀಕ್ ಶಬ್ದಕ್ಕೆ ನ್ಯಾಯವೆಂಬ ಅರ್ಥವೂ ಉಂಟು. ತನ್ನ ನೆರೆಯವನಿಗೆ ನ್ಯಾಯ ದೊರೆಯಬೇಕೆಂದು ಹಂಬಲಿಸದವನು ನೀತಿಗಾಗಿ ಹಸಿದವನೆಂದು ಹೇಗೆ ಹೇಳಿಕೊಂಡಾನು?

ಬಾಯಾರಿಕೆ ಎಂದರೇನೆಂಬುದನ್ನು ಚಿತ್ರದುರ್ಗದ ಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರವು 1907ರಲ್ಲಿ ಮುಗಿಯಿತು. ಅದು 1933ರಲ್ಲಿ ಕೋಡಿಹರಿದ ಮೇಲೆ ಮತ್ತೆ ಕೋಡಿಹರಿದದ್ದು 2022ರಲ್ಲಿ. ನಡುವೆ 89 ವರ್ಷಗಳು ಸಂದವು. ಹೊಸದುರ್ಗ, ಹೊಳಲ್ಕೆರೆಗಳ ಬಯಲಿನಲ್ಲಿಯೂ ಮಳೆ ತಪ್ಪಿದ ವರ್ಷ ಕೆರೆ ಬತ್ತಿ, ಕೊಡ ಹೊತ್ತವರ ದಾರಿ ದೂರವಾಗುತ್ತದೆ. ಆ ಕೊಡ ಯಾರ ತಲೆಯ ಮೇಲಿರುತ್ತದೆ? ತಾಯಿಯ ತಲೆಯ ಮೇಲೆ. ಅವಳಿಗಾಗದಿದ್ದರೆ ಮಗಳ ತಲೆಯ ಮೇಲೆ. ಅಣ್ಣನು ಪುಸ್ತಕ ಹಿಡಿದು ಪಾಠಶಾಲೆಗೆ ಹೋಗುವ ಹೊತ್ತಿನಲ್ಲಿ ತಂಗಿಯು ಕೊಡ ಹಿಡಿದು ಬಾವಿಗೆ ಹೋಗುತ್ತಾಳೆ. ದುರ್ಗದ ಓಬವ್ವನು ಊಟಕ್ಕೆ ಬಂದ ಗಂಡನಿಗೆ ನೀರು ತರಲು ಹೋದಾಗಲೇ ಕಿಂಡಿಯಲ್ಲಿ ನುಸುಳುವ ಶತ್ರುಗಳನ್ನು ಕಂಡಳೆಂದು ಹಿರಿಯರು ಹೇಳುತ್ತಾರೆ. ನಾವು ಅವಳ ಒನಕೆಯನ್ನು ಹೊಗಳುತ್ತೇವೆ. ಅವಳ ಕೊಡವನ್ನು ಮರೆಯುತ್ತೇವೆ.

ಬಾವಿಯ ಬಳಿಗೆ ಬಂದವಳಿಗೂ ನೀರು ಸುಲಭವಾಗಿರಲಿಲ್ಲ. ಜಾತಿಯ ಹೆಸರಿನಲ್ಲಿ ಸಾರ್ವಜನಿಕ ಬಾವಿಯಿಂದ ಒಬ್ಬರನ್ನು ತಡೆಯುವುದು ಅಪರಾಧವೆಂದು 1955ರ ಕಾಯಿದೆ ಸಾರಿತು. ನಮ್ಮ ಸೀಮೆಯ ಕೆಲವು ಹಟ್ಟಿಗಳಲ್ಲಿ ಮುಟ್ಟಾದ ಹುಡುಗಿಯನ್ನೂ ಹಸುಗೂಸಿನ ಬಾಣಂತಿಯನ್ನೂ ಊರ ಹೊರಗಣ ಗುಡಿಸಲಿನಲ್ಲಿ ಇರಿಸುವ ರೂಢಿ ನಮ್ಮ ಕಾಲದವರೆಗೂ ಉಳಿದು ಬಂದಿತು. ಹೀಗೆ ಹೊರಗಿಡಬಾರದೆಂದು ಕರ್ನಾಟಕದ ಶಾಸನಸಭೆ 2017ರಲ್ಲಿ ಕಾನೂನು ಮಾಡಿತು. ಕಾನೂನು ಬಾಗಿಲನ್ನು ತೆರೆಯಬಲ್ಲದು. ಒಳಗೆ ಬಾ ಎಂದು ಕರೆಯುವ ಕೆಲಸ ಮಾತ್ರ ಮನುಷ್ಯರದು.

ಇತರರ ಹಟ್ಟಿಯ ಕಡೆಗೆ ಬೆರಳು ತೋರಿಸಿ ನಾವು ಸುಮ್ಮನಿರುವುದು ಸಲ್ಲದು. ಸಭೆಯೊಳಗೆ ಜಾತಿಭೇದವನ್ನು ಬಿಟ್ಟೇ ತೀರಬೇಕೆಂದು ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಅವರು 1833ರಲ್ಲಿ ಆಜ್ಞೆ ಮಾಡಬೇಕಾಯಿತು. ಒಂದೇ ರೊಟ್ಟಿಯಲ್ಲಿ ಪಾಲುಗೊಳ್ಳುವವರಿಗೆ ಇಂಥ ಆಜ್ಞೆ ಬೇಕಾದದ್ದೇ ನಮಗೆ ತಲೆ ತಗ್ಗಿಸುವ ಸಂಗತಿ. ಇಂದು ಮದುವೆಯ ಮಾತು ಬಂದಾಗ ಕ್ರೈಸ್ತ ಮನೆಗಳಲ್ಲಿಯೂ ಮೆಲ್ಲನೆ ಕೇಳುವ ಪ್ರಶ್ನೆ ಯಾವುದೆಂಬುದನ್ನು ನಾವೆಲ್ಲರೂ ಬಲ್ಲೆವು.

ಹಾಗಾದರೆ ಧನ್ಯತೆಯೆಂಬುದು ಬಡವರಿಗೆ ಹೇಳುವ ಸಾಂತ್ವನವೇ? ಅಲ್ಲ. ಬಾಯಾರಿದವನಿಗೆ ನೀನು ಧನ್ಯನೆಂದು ಹೇಳಿ, ತುಂಬಿದ ತಂಬಿಗೆಯನ್ನು ಹಿಂದೆ ಬಚ್ಚಿಡುವುದು ಸುವಾರ್ತೆಯಲ್ಲ, ಅಪಹಾಸ್ಯ. ಅವನು ತೃಪ್ತನಾಗುವನೆಂದು ಕರ್ತನು ಮಾತು ಕೊಟ್ಟಿದ್ದಾನೆ. ಆ ಮಾತು ನಮ್ಮ ಕೈಗಳ ಮೂಲಕವೂ ನೆರವೇರಬೇಕಾಗಿದೆ.

ಪ್ರಿಯ ಬಾಲಿಕೆಯರೇ, ರಜೆಗೆ ಊರಿಗೆ ಹೋದಾಗ ತಮ್ಮನ ಕೈಗೂ ಒಂದು ಕೊಡವನ್ನು ಕೊಡಿರಿ. ಹೊರಗೆ ಕುಳಿತವಳ ಬಳಿಗೆ ಹೋಗಿ ಕುಳಿತುಕೊಳ್ಳಿರಿ. ಶಾಲೆ ಬಿಟ್ಟ ಗೆಳತಿಯ ತಾಯಿಯೊಡನೆ ವಿನಯದಿಂದ ಮಾತನಾಡಿರಿ. ಇವು ಸಣ್ಣ ಕೆಲಸಗಳು. ಆದರೂ ಕೋಪವೂ ಹಾಸ್ಯವೂ ಎದುರಾಗುವುವು. ನೀತಿಯ ನಿಮಿತ್ತ ಹಿಂಸೆಗೊಳಗಾಗುವವರನ್ನೂ ಕರ್ತನು ಧನ್ಯರೆಂದೇ ಕರೆದನೆಂಬುದನ್ನು ಆಗ ನೆನೆದುಕೊಳ್ಳಿರಿ. ನೀವು ಒಪ್ಪಿಸಿದ ಪಾಠವು ಅಂದಿಗೆ ನಿಮ್ಮದಾಗುವುದು.