ಹೆಸರು ಉರು ಹೊಡೆದ್ರೆ ಇಂಗ್ಲಿಷ್ ಬತ್ತದಾ?

ಪಕ್ಕದ್ಮನೆ ಹುಡುಗಿ ನಿನ್ನೆ ಸಾಯಂಕಾಲ ನೌನ್, ಪ್ರೊನೌನ್, ವರ್ಬ್ ಅಂತ ಎಲ್ಲಾನೂ ಗಡಗಡ ಒಪ್ಪಿಸ್ತು. “ಅಜ್ಜಿ ಕೋಳೀನ ಓಡಿಸ್ತು, ಇದನ್ನ ಇಂಗ್ಲಿಷಲ್ಲಿ ಹೇಳು ಕಂದ” ಅಂದೆ. “ಗ್ರ್ಯಾಂಡ್‌ಮದರ್ ದಿ ಹೆನ್ ಚೇಸ್ಡ್” ಅಂತು. ಅವರಮ್ಮ ತಲೆಗೆ ಮೊಟಕಿದ್ಲು. ಮೊಟಕಬೇಕಾದ್ದು ಮಗೂಗಲ್ಲ ಕಣ್ರಮ್ಮ, ಕಲಿಸೋ ರೀತಿಗೆ!

ಮಗು ದಡ್ಡಿ ಅಲ್ಲ. ನಮ್ಮ ಕನ್ನಡದಲ್ಲಿ ಕ್ರಿಯಾಪದ ಕೊನೇಲಿ ಬತ್ತದೆ. ಕೆಜಿಎಫ್‌ನೋರ ತಮಿಳು, ತೆಲುಗಲ್ಲೂ ಅಂಗೇನೆ. ‘ಕೋಳೀನ ಅಜ್ಜಿ ಓಡಿಸ್ತು’ ಅಂತ ತಿರುಗಿಸಿದ್ರೂ ಓಡಿದ್ದು ಕೋಳೀನೇ. ಕೋಳಿಗೆ ಅಂಟಿರೋ ‘ನ’ ಅನ್ನೋ ವಿಭಕ್ತಿ ಅರ್ಥಾನ ಕಾಯ್ತದೆ. ಇಂಗ್ಲಿಷಲ್ಲಿ ಆ ಕೆಲಸ ಜಾಗದ್ದು. ಮೊದ್ಲು ಸಬ್ಜೆಕ್ಟು, ಆಮೇಲೆ ವರ್ಬು, ಕೊನೇಲಿ ಆಬ್ಜೆಕ್ಟು: ‘ಗ್ರ್ಯಾಂಡ್‌ಮದರ್ ಚೇಸ್ಡ್ ದಿ ಹೆನ್’. ಹಿಂದುಮುಂದಾದ್ರೆ ಕೋಳೀನೇ ಅಜ್ಜೀನ ಅಟ್ಟಿಸ್ಕೊಂಡು ಹೋಯ್ತದೆ! ನಾವು ಕನ್ನಡ ವ್ಯಾಕರಣದಲ್ಲಿ ಓದಿದ ಕರ್ತೃ, ಕ್ರಿಯಾಪದ, ಕರ್ಮಾನೇ ಅವು.

ಇಷ್ಟನ್ನ ಕನ್ನಡದಲ್ಲೇ ಹೇಳ್ಕೊಟ್ರೆ ಮಗೂಗೆ ತಿಳೀತದೆ. ಇನ್ನು ಕೆಲವರು “ಮನೇಲಿ ಕನ್ನಡ ಆಡ್ಬೇಡಿ, ಇಂಗ್ಲಿಷ್ ಕೆಡ್ತದೆ” ಅಂತಾರೆ. ಇರೋ ಏಣೀನ ಒದ್ದು ಅಟ್ಟ ಹತ್ತು ಅಂದಂಗಾಯ್ತು!

2001ರಲ್ಲಿ ಚಿನ್ನದ ಗಣಿ ಮುಚ್ಚಿದ್ಮೇಲೆ ನಮ್ಮ ಕಡೆ ಮಕ್ಳು ಬಂಗಾರಪೇಟೆಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗ್ತಾರೆ. ಅಲ್ಲಿ ನೌನ್ ಅಂದ್ರೇನು ಅಂತ ಯಾರೂ ಕೇಳಲ್ಲ, ನಾಲ್ಕು ಮಾತು ನೆಟ್ಟಗೆ ಆಡು ಅಂತಾರೆ. ಅದಕ್ಕೇ ಹೇಳ್ತೀನಿ, ಉರು ಹೊಡ್ಸೋದು ಬಿಡಿ. ಸೊಪ್ಪು ಬಿಡಿಸ್ತಾ ದಿನಕ್ಕೆ ಐದು ವಾಕ್ಯ ಮಕ್ಳ ಕೈಲಿ ಕಟ್ಟಿಸಿ.